ಪತ್ರಲೇಖನ ಧುರಂಧರ ಮಂತ್ರಿ ಮಹಮೂದ ಗವಾನ

ಕಲಬುರ್ಗಿಯಿಂದ ದಕ್ಷಿಣಾಭಿಮುಖವಾಗಿ ಜೇವರ್ಗಿಯ ಕಡೆಗೆ ಸಾಗುವ ಪ್ರಯಾಣಿಕನಿಗೆ, ಭೀಮಾನದಿಯ ಸಮೀಪದಲ್ಲಿ ಹಾಳುಬಿದ್ದ ಕೋಟೆಗೋಡೆಗಳೂ ಕುಸಿದ ಕಮಾನುಗಳೂ ಮುಳ್ಳುಕಂಟಿಗಳ ನಡುವೆ ನಿಂತಿರುವ ಒಂದು ಸ್ಥಳವಿದೆ. ಇದುವೇ ಫಿರೋಜಾಬಾದ. ಬಹಮನಿ ಸುಲ್ತಾನನಾದ ಫಿರೋಜ ಶಾಹನು ಕ್ರಿ. ಶ. ೧೪೦೦ರ ಸುಮಾರಿಗೆ ನದೀತೀರದ ತಂಪನ್ನೂ ರಣಯಾತ್ರೆಯ ಅನುಕೂಲವನ್ನೂ ನೋಡಿ ಕಟ್ಟಿಸಿದ ಈ ಪಟ್ಟಣವು ಬಹುಕಾಲ ಬಾಳಲಿಲ್ಲ. ರಾಜಧಾನಿಯು ಕಲಬುರ್ಗಿಯಿಂದ ಬೀದರಕ್ಕೆ ಹೋದ ಮೇಲಂತೂ ಇದು ಮರೆತ ಊರಾಯಿತು. ಆದರೆ ೧೪೬೨ರಲ್ಲಿ ಒಮ್ಮೆ, ಕೆಲವು ಕಾಲದ ಮಟ್ಟಿಗೆ, ದಖ್ಖನದ ಇಡೀ ರಾಜ್ಯವೇ ಈ ಗೋಡೆಗಳ ಒಳಗೆ ಬಂದು ಅಡಗಿ ಕುಳಿತಿತ್ತು. ಒಂಬತ್ತರ ಆಚೀಚಿನ ವಯಸ್ಸಿನ ಬಾಲಸುಲ್ತಾನ, ಅವನ ವಿಧವೆ ತಾಯಿ, ಸೋತು ಚದುರಿದ ದಂಡಿನ ಅಳಿದುಳಿದ ಜನ, ಇಷ್ಟೇ ಆಗ ಉಳಿದ ರಾಜ್ಯ. ರಾಜಧಾನಿಯಾದ ಬೀದರ ಶತ್ರುವಿನ ಕೈಯಲ್ಲಿತ್ತು. ಆ ವಿಷಮ ಕಾಲದಲ್ಲಿ ಕತ್ತಿಯು ಮಾಡಲಾಗದ ಕೆಲಸವನ್ನು ಒಂದು ಪತ್ರವು ಮಾಡಿತು. ಆ ಪತ್ರದ ಹಿಂದಿದ್ದ ಬುದ್ಧಿಯೇ ಖ್ವಾಜಾ ಮಹಮೂದ ಗವಾನ.

ಗವಾನನು ಈ ದೇಶದಲ್ಲಿ ಹುಟ್ಟಿದವನಲ್ಲ. ಕಾಸ್ಪಿಯನ್ ಸಮುದ್ರದ ದಕ್ಷಿಣ ತೀರದಲ್ಲಿರುವ ಇರಾನದ ಗಿಲಾನ್ ಪ್ರಾಂತದವನು. ಗವಾನ ಎಂಬುದು ಅವನ ಊರಿನ ಹೆಸರೆಂದು ಹೇಳುತ್ತಾರೆ. ಜನನ ೧೪೧೧ರ ಸುಮಾರು. ಅವನ ಪೂರ್ವಜರು ಗಿಲಾನದ ಅರಸರಲ್ಲಿ ಮಂತ್ರಿಗಳಾಗಿದ್ದವರು. ಆ ಆಸ್ಥಾನದ ಒಳಜಗಳಗಳು ತನ್ನ ಮನೆತನವನ್ನು ಸುಡುವುದನ್ನು ಕಂಡ ಗವಾನನು ಅಧಿಕಾರಕ್ಕೆ ಕೈಮುಗಿದು ವ್ಯಾಪಾರಕ್ಕೆ ಇಳಿದನು. ಕುದುರೆ, ವಸ್ತ್ರ, ರತ್ನಗಳ ವ್ಯಾಪಾರದ ಜೊತೆಗೆ ಊರೂರಿನ ವಿದ್ವಾಂಸರ ಸಂಗವನ್ನೂ ಮಾಡುತ್ತ, ನಲವತ್ತೆರಡರ ಪ್ರಾಯದಲ್ಲಿ, ೧೪೫೩ರಲ್ಲಿ, ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದನು. ಅದೇ ವರ್ಷ ಅತ್ತ ಕಾನ್‌ಸ್ಟಾಂಟಿನೋಪಲ್ ನಗರವು ತುರ್ಕರ ಸುಲ್ತಾನ ಎರಡನೆಯ ಮಹಮ್ಮದನ ವಶವಾಯಿತು. ದಾಭೋಳದಲ್ಲಿ ಇಳಿದ ಈ ವರ್ತಕನು ಮುಂದೆ ಆ ಜಗದ್ವಿಜಯಿಗೆ ಸಮಸ್ಕಂಧನೆಂಬಂತೆ ಪತ್ರ ಬರೆಯುವನೆಂದು ಅಂದು ಯಾರು ತಾನೇ ಊಹಿಸಿದ್ದರು!

ಬೀದರದಲ್ಲಿದ್ದ ಸೂಫಿ ಸಂತ ಶಾಹ ಮುಹಿಬ್ಬುಲ್ಲಾ ಅವರ ದರ್ಶನ ಮಾಡಿ ದಿಲ್ಲಿಗೆ ಹೋಗಬೇಕೆಂಬುದು ಅವನ ಸಂಕಲ್ಪವಾಗಿತ್ತು. ಸುಲ್ತಾನ ಎರಡನೆಯ ಅಲಾವುದ್ದೀನ ಅಹಮದ ಶಾಹನು ಅವನ ಪಾಂಡಿತ್ಯವನ್ನೂ ಲೋಕಾನುಭವವನ್ನೂ ಕಂಡು ಬೀದರದಲ್ಲಿಯೇ ನಿಲ್ಲಿಸಿಕೊಂಡನು. ದಿಲ್ಲಿಯ ಪ್ರಯಾಣ ಅಲ್ಲಿಗೇ ಮುಗಿಯಿತು. ನಲಗೊಂಡದಲ್ಲಿ ದಂಗೆಯೆದ್ದ ಜಲಾಲಖಾನ ಮತ್ತು ಅವನ ಮಗ ಸಿಕಂದರನನ್ನು ಅಡಗಿಸುವ ಕೆಲಸವನ್ನು ಅವನಿಗೆ ಒಪ್ಪಿಸಲಾಯಿತು. ಮುಂದಿನ ಸುಲ್ತಾನ ಹುಮಾಯೂನನು ಕ್ರೂರಿಯೆಂದು ಹೆಸರಾದವನು. ಆದರೂ ಗುಣಜ್ಞತೆಯಲ್ಲಿ ಕುರುಡನಾಗಿರಲಿಲ್ಲ. ಅವನು ಗವಾನನಿಗೆ ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕಶ್ರೇಷ್ಠ, ಎಂಬ ಬಿರುದನ್ನೂ ಬಿಜಾಪುರ ಪ್ರಾಂತದ ಅಧಿಕಾರವನ್ನೂ ಕೊಟ್ಟನು.

ಇಲ್ಲಿ ಆ ಕಾಲದ ಆಸ್ಥಾನದ ಒಡಕನ್ನು ಸ್ವಲ್ಪ ತಿಳಿಯುವುದು ಅವಶ್ಯ. ಬಹಮನಿ ಸರದಾರರಲ್ಲಿ ಎರಡು ಪಂಗಡಗಳಿದ್ದವು. ಈ ನೆಲದಲ್ಲಿ ತಲೆಮಾರುಗಳಿಂದ ನೆಲಸಿದವರು ದಖನಿಗಳು. ಹಬಸಿಗಳಲ್ಲಿ ಹೆಚ್ಚಿನವರು ಇವರ ಜೊತೆಗಿದ್ದರು. ಇರಾನ, ಇರಾಕ, ತುರ್ಕಿಸ್ತಾನಗಳಿಂದ ಹೊಸದಾಗಿ ಬಂದವರು ಆಫಾಕಿಗಳು, ಅಂದರೆ ಪರದೇಶಿಗಳು. ಇವರ ನಡುವಣ ಹಗೆಯು ಎಷ್ಟು ಭಯಂಕರವಾಗಿತ್ತೆಂಬುದಕ್ಕೆ ಗವಾನನು ಬರುವುದಕ್ಕೆ ಆರೇಳು ವರ್ಷ ಮುಂಚಿನ ಒಂದು ಪ್ರಸಂಗವೇ ಸಾಕು. ಸಂಗಮೇಶ್ವರದ ಘಟ್ಟದ ಕಾಡಿನಲ್ಲಿ ಪರದೇಶಿ ಸರದಾರ ಖಲಫ ಹಸನನ ದಂಡು ಮೋಸಹೋಗಿ ನಾಶವಾಯಿತು. ಉಳಿದವರು ಚಾಕಣದ ಕಿಲ್ಲೆಗೆ ಓಡಿಬಂದರು. ದಖನಿ ಸರದಾರರು ಸುಲ್ತಾನನಿಗೆ, ಈ ಜನ ಶತ್ರುಗಳ ಕಡೆ ಸೇರಿ ದಂಗೆಯೇಳುತ್ತಿದ್ದಾರೆಂದು ಬರೆದರು. ಚಾಕಣದಿಂದ ಸತ್ಯವನ್ನು ತಿಳಿಸಲು ಹೊರಟ ಪತ್ರಗಳನ್ನು ದಾರಿಯಲ್ಲಿಯೇ ಹಿಡಿದು ಹರಿದುಹಾಕಿದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನಿಂದ ಅಪ್ಪಣೆ ಹೊರಟಿತು. ನಿರಪರಾಧಿಗಳ ಕಗ್ಗೊಲೆಯಾಯಿತು. ತಪ್ಪಿಸಿಕೊಂಡ ಕೆಲವರು ಬೀದರಕ್ಕೆ ಬಂದು ನಿಜವನ್ನು ಹೇಳಿದಾಗ ಸುಲ್ತಾನನು ಪಶ್ಚಾತ್ತಾಪಪಟ್ಟನು. ಸುಳ್ಳು ಪತ್ರ, ಮದ್ಯ, ಅವಸರದ ಅಪ್ಪಣೆ, ತಡವಾದ ಪಶ್ಚಾತ್ತಾಪ: ಈ ನಾಲ್ಕನ್ನೂ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

೧೪೬೧ರಲ್ಲಿ ಹುಮಾಯೂನನು ತೀರಿಕೊಂಡನು. ಎಂಟು ವರ್ಷದ ನಿಜಾಮ ಶಾಹನಿಗೆ ಪಟ್ಟವಾಯಿತು. ರಾಜ್ಯಭಾರವನ್ನು ರಾಜಮಾತೆ ಮಖದೂಮಾ-ಎ-ಜಹಾನ, ಖ್ವಾಜಾ ಜಹಾನ ತುರ್ಕ ಮತ್ತು ಮಹಮೂದ ಗವಾನ ಈ ಮೂವರು ಕೂಡಿ ನಡೆಸಿದರು. ಅರಮನೆಯ ಹೆಂಗಸು ದರ್ಬಾರಿಗೆ ಬರುವ ಪದ್ಧತಿಯಿಲ್ಲದ ಕಾಲವದು. ಪ್ರತಿದಿನ ಮಂತ್ರಿಗಳ ಮಾತು ಒಳಗೆ ಹೋಗಿ, ರಾಜಮಾತೆಯ ಒಪ್ಪಿಗೆ ಹೊರಗೆ ಬರುತ್ತಿತ್ತು. ಆಕೆಯ ಧೈರ್ಯವೂ ವಿವೇಕವೂ ಇಲ್ಲದಿದ್ದರೆ ಗವಾನನೊಬ್ಬನಿಂದ ಏನೂ ಆಗುತ್ತಿರಲಿಲ್ಲವೆಂಬುದನ್ನು ಇತಿಹಾಸ ಬರೆಯುವವರು ಅನೇಕ ವೇಳೆ ಮರೆಯುತ್ತಾರೆ.

ಸಿಂಹಾಸನದ ಮೇಲೆ ಮಗು ಕುಳಿತಿದೆಯೆಂಬ ಸುದ್ದಿಯು ನೆರೆಯ ಅರಸರ ಬಾಯಲ್ಲಿ ನೀರೂರಿಸಿತು. ಮೊದಲು ಒರಿಸ್ಸಾದ ಕಪಿಲೇಂದ್ರ ಗಜಪತಿಯ ಸೇನೆಯು ಬೀದರದ ಹತ್ತಿರದವರೆಗೂ ನುಗ್ಗಿತು. ಅದನ್ನು ಹಿಮ್ಮೆಟ್ಟಿಸಿ ಉಸಿರು ಬಿಡುವಷ್ಟರಲ್ಲಿ ಮಾಳವದ ಮಹಮೂದ ಖಿಲ್ಜಿಯು ೧೪೬೨ರಲ್ಲಿ ದಂಡೆತ್ತಿ ಬಂದನು. ಇವನು ಕೇವಲ ಕೊಳ್ಳೆಗಾರನಲ್ಲ, ಪಳಗಿದ ಸೇನಾನಿ. ಕಂದಹಾರ ಎಂಬಲ್ಲಿ, ಎಂದರೆ ನಾಂದೇಡದ ಬಳಿಯ ಕಂಧಾರದಲ್ಲಿ, ಘೋರ ಯುದ್ಧವಾಯಿತು. ಬಹಮನಿಗಳ ಪಕ್ಕದ ಪಡೆಗಳು ಗೆಲ್ಲುತ್ತಿದ್ದವು. ಅಷ್ಟರಲ್ಲಿ ಸರದಾರನೊಬ್ಬನು ಗಾಬರಿಬಿದ್ದು ಬಾಲಸುಲ್ತಾನನನ್ನು ರಣರಂಗದಿಂದ ಬೀದರಕ್ಕೆ ಕರೆದೊಯ್ದನು. ಅರಸನು ಕಾಣದಾದ ಕೂಡಲೆ ದಂಡಿನ ಎದೆ ಒಡೆಯಿತು. ಗೆದ್ದ ಯುದ್ಧ ಸೋಲಾಯಿತು. ಖಿಲ್ಜಿಯು ಬೀದರವನ್ನು ಮುತ್ತಿ ಪೇಟೆಯನ್ನು ಹಿಡಿದನು. ಕಿಲ್ಲೆಯು ಮಾತ್ರ ಮಲ್ಲೂಖಾನನ ಕಾವಲಿನಲ್ಲಿ ತಲೆಯೆತ್ತಿ ನಿಂತಿತ್ತು. ರಾಜಮಾತೆಯು ಮಗನನ್ನು ಕರೆದುಕೊಂಡು ಭೀಮೆಯ ದಂಡೆಗೆ, ಫಿರೋಜಾಬಾದಕ್ಕೆ ಬಂದಳು.

ಈ ಸಂದರ್ಭದಲ್ಲಿ ಗುಜರಾತದ ಸುಲ್ತಾನ ಮಹಮೂದನಿಗೆ ಪತ್ರ ಹೋಯಿತು. ಇವನೇ ಮುಂದೆ ಬೇಗಡಾ ಎಂದು ಪ್ರಸಿದ್ಧನಾದವನು. ಆಗ ಹದಿನೇಳರ ತರುಣ. ಅವನಿಗೂ ಬಹಮನಿಗಳಿಗೂ ಹೇಳಿಕೊಳ್ಳುವಂಥ ಸ್ನೇಹವಿರಲಿಲ್ಲ. ಹಿಂದಿನ ತಲೆಮಾರಿನಲ್ಲಿ ಎರಡೂ ರಾಜ್ಯಗಳು ಮಾಹಿಮ ದ್ವೀಪಕ್ಕಾಗಿ ಕಾದಾಡಿದ್ದುಂಟು. ಹಾಗಾದರೆ ಅವನೇಕೆ ನೆರವಿಗೆ ಬರಬೇಕು? ಗವಾನನ ರಾಜನೀತಿಯ ಮರ್ಮವೆಲ್ಲ ಈ ಪ್ರಶ್ನೆಯಲ್ಲಿದೆ. ದೈನ್ಯದಿಂದ ಬೇಡಿದರೆ ಕನಿಕರ ಸಿಗಬಹುದು, ದಂಡು ಸಿಗುವುದಿಲ್ಲ. ಮಾಳವವು ದಖ್ಖನವನ್ನು ನುಂಗಿದರೆ ಗುಜರಾತದ ಪೂರ್ವಕ್ಕೂ ದಕ್ಷಿಣಕ್ಕೂ ಒಬ್ಬನೇ ಶತ್ರು ನಿಲ್ಲುವನು. ಇಂದು ಬೀದರಕ್ಕೆ ಬಂದ ಗಂಡಾಂತರವು ನಾಳೆ ಅಹಮದಾಬಾದಿನದು. ನೆರವು ಕೊಡುವುದು ಉಪಕಾರವಲ್ಲ, ಆತ್ಮರಕ್ಷಣೆ. ನೆರೆಯವನ ನೆರೆಯವನು ಮಿತ್ರನೆಂಬ ಕೌಟಿಲ್ಯನ ಮಂಡಲನೀತಿಯನ್ನು ಗವಾನನು ಓದಿರಲಿಕ್ಕಿಲ್ಲ. ಆದರೆ ಅವನು ಮಾಡಿದ್ದು ಅದನ್ನೇ.

ಬೇಗಡಾ ಎಂಬತ್ತು ಸಾವಿರ ಕುದುರೆಯೊಂದಿಗೆ ಹೊರಟನೆಂದು ಫೆರಿಸ್ತಾ ಬರೆದಿದ್ದಾನೆ. ಮಧ್ಯಯುಗದ ಬಖೈರುಗಳ ಅಂಕೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ದೊಡ್ಡ ದಂಡು ಬಂದಿತೆಂಬುದು ನಿಜ. ಗವಾನನು ಕೆಲವೇ ಸಾವಿರ ಸವಾರರೊಡನೆ ಬೀಡ ಮಾರ್ಗವಾಗಿ ಹೋಗಿ ಅವನನ್ನು ಕೂಡಿಕೊಂಡನು. ಗುಜರಾತದ ಇಪ್ಪತ್ತು ಸಾವಿರ ಕುದುರೆಯನ್ನು ಪಡೆದು, ತನ್ನ ಕಡೆಯ ಚದುರಿದ ಜನರನ್ನೂ ಒಟ್ಟುಗೂಡಿಸಿದನು. ಆ ಮೇಲೆ ಅವನು ಬೀದರದ ಮೇಲೆ ನೇರವಾಗಿ ಬೀಳಲಿಲ್ಲ. ಒಂದು ತುಕಡಿಯನ್ನು ವರ್ಹಾಡಕ್ಕೆ ಕಳಿಸಿ ಶತ್ರುವಿನ ಹಿಂದಿನ ದಾರಿಯನ್ನು ಕಟ್ಟಿದನು. ತಾನು ಬೀಡ ಮತ್ತು ಕಂಧಾರದ ನಡುವೆ ಬೀಡುಬಿಟ್ಟು ಮಾಳವದ ದಂಡಿಗೆ ಬರುವ ಕಾಳುಕಡಿ, ಹುಲ್ಲು ಎಲ್ಲವನ್ನೂ ತಡೆದನು. ಹಸಿದ ದಂಡಿನೊಂದಿಗೆ ಖಿಲ್ಜಿಯು ಭಾರವಾದ ಸಾಮಾನುಗಳನ್ನು ಸುಟ್ಟು, ಗೊಂಡವನದ ಅಡವಿಯ ದಾರಿ ಹಿಡಿದನು. ನೀರಿಲ್ಲದ ಆ ಕಾಡಿನಲ್ಲಿ ಅವನ ಸಾವಿರಾರು ಜನ ಬಾಯಾರಿ ಸತ್ತರು. ಮರುವರ್ಷ, ೧೪೬೩ರಲ್ಲಿ, ಅವನು ಮತ್ತೆ ದೌಲತಾಬಾದದವರೆಗೆ ಬಂದನು. ಬೀದರದಿಂದ ಮತ್ತೆ ಪತ್ರ, ಗುಜರಾತದಿಂದ ಮತ್ತೆ ದಂಡು. ಖಿಲ್ಜಿ ಹಿಂದಿರುಗಿದನು. ಇನ್ನೊಮ್ಮೆ ದಖ್ಖನಕ್ಕೆ ಕಾಲಿಟ್ಟರೆ ತನ್ನ ಸೇನೆ ಮಾಳವದ ಮೇಲೆಯೇ ಬರುವುದೆಂದು ಬೇಗಡಾ ಅವನಿಗೆ ಬರೆದು ತಿಳಿಸಿದನು. ಒಂದು ಪತ್ರದಿಂದ ಹುಟ್ಟಿದ ಮೈತ್ರಿಯು ಇನ್ನೊಂದು ಪತ್ರದಿಂದ ಗಟ್ಟಿಯಾಯಿತು. ಅಲ್ಲಿಂದ ಮುಂದೆ ಬೀದರವು ಮಾಳವದ ಕುದುರೆಗಳ ಗೊರಸಿನ ಸಪ್ಪಳವನ್ನು ಕೇಳಲಿಲ್ಲ.

ಆ ಕಾಲದಲ್ಲಿ ಪತ್ರವೆಂದರೆ ಈಗಿನಂತೆ ಕ್ಷೇಮಸಮಾಚಾರದ ಹಾಳೆಯಲ್ಲ. ಪಾರಸಿಯಲ್ಲಿ ಇದಕ್ಕೆ ಇನ್‌ಶಾ ಎಂದು ಹೆಸರು. ಇದು ಒಂದು ಪೂರ್ಣ ಶಾಸ್ತ್ರ. ಯಾರಿಗೆ ಯಾವ ಬಿರುದಾವಳಿ, ಸಮಾನನಿಗೆ ಎಷ್ಟು ವಿನಯ, ಕಿರಿಯನಿಗೆ ಎಷ್ಟು ಗಾಂಭೀರ್ಯ, ಮೊದಲು ಸ್ತುತಿಯೋ ವಿಷಯವೋ, ಯಾವ ಮಾತನ್ನು ಕಾಗದದ ಮೇಲೆ ಇಡಬೇಕು, ಯಾವುದನ್ನು ದೂತನ ಬಾಯಲ್ಲಿ ಕಳಿಸಬೇಕು, ಮೊಹರನ್ನು ಎಲ್ಲಿ ಒತ್ತಬೇಕು, ಎಲ್ಲಕ್ಕೂ ನಿಯಮವಿತ್ತು. ಬಿರುದಿನಲ್ಲಿ ಒಂದು ಪದ ಕಡಿಮೆಯಾದರೆ ಅವಮಾನ, ಹೆಚ್ಚಾದರೆ ಶರಣಾಗತಿ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ಸಂಧಿವಿಗ್ರಹಿ ಎಂಬ ಅಧಿಕಾರಿಯ ಹೊಣೆಯೂ ಇಂಥದೇ. ಅದೇ ಕಲ್ಯಾಣದ ಸೀಮೆಯಲ್ಲಿ ಮೂರು ನೂರು ವರ್ಷಗಳ ಬಳಿಕ ಆ ಹೊಣೆಯು ಬೇರೊಂದು ಭಾಷೆಯ ಉಡುಪಿನಲ್ಲಿ ಬಂದಿತೆನ್ನಬಹುದು. ಗವಾನನು ಈ ಶಾಸ್ತ್ರವನ್ನು ಬಲ್ಲವನಷ್ಟೇ ಅಲ್ಲ, ಮನಾಜಿರ್-ಉಲ್-ಇನ್‌ಶಾ ಎಂಬ ಲಕ್ಷಣಗ್ರಂಥವನ್ನೇ ರಚಿಸಿದವನು. ಅವನ ಪತ್ರಗಳ ಸಂಕಲನ ರಿಯಾಜ್-ಉಲ್-ಇನ್‌ಶಾ, ಎಂದರೆ ಪತ್ರಲೇಖನದ ಉದ್ಯಾನವನಗಳು. ಅದರಲ್ಲಿ ನೂರನಲವತ್ತಕ್ಕೂ ಹೆಚ್ಚು ಪತ್ರಗಳಿವೆ. ಅವುಗಳ ಶೈಲಿಯು ಬಹು ಅಲಂಕಾರಮಯವಾದುದು. ಉಪಮೆಯ ಮೇಲೆ ಉಪಮೆ ಕಟ್ಟಿದ ಆ ದೀರ್ಘ ವಾಕ್ಯಗಳು ಈಗಿನ ಓದುಗನಿಗೆ ಬೇಸರ ತರಿಸಿದರೆ ಆಶ್ಚರ್ಯವಿಲ್ಲ. ಆದರೆ ಹೂಮಾಲೆಯೊಳಗಿನ ದಾರದಂತೆ ಪ್ರತಿಯೊಂದರಲ್ಲಿಯೂ ಒಂದು ರಾಜಕಾರ್ಯವು ಹಾಯ್ದುಹೋಗಿದೆ.

೧೪೬೩ರಲ್ಲಿ ನಿಜಾಮ ಶಾಹನು ತನ್ನ ಮದುವೆಯ ರಾತ್ರಿಯೇ ಅಕಸ್ಮಾತ್ತಾಗಿ ಮೃತನಾದನು. ಅವನ ತಮ್ಮ ಮೂರನೆಯ ಮುಹಮ್ಮದ ಶಾಹನಿಗೆ ಪಟ್ಟವಾಯಿತು. ಸಹಮಂತ್ರಿ ಖ್ವಾಜಾ ಜಹಾನ ತುರ್ಕನು ಅಧಿಕಾರವನ್ನೆಲ್ಲ ತನ್ನ ಮುಷ್ಟಿಯಲ್ಲಿ ಹಿಡಿಯತೊಡಗಿದ್ದರಿಂದ ೧೪೬೬ರಲ್ಲಿ ತುಂಬಿದ ದರ್ಬಾರಿನಲ್ಲಿ ಕೊಲೆಗೀಡಾದನು. ಅದೇ ಬಿರುದೂ ಅದೇ ಪದವಿಯೂ ಗವಾನನಿಗೆ ಬಂದವು. ಮಗನು ಪ್ರಾಪ್ತನಾಗಿ ಮದುವೆಯಾದ ಮೇಲೆ ರಾಜಮಾತೆಯು ತಾನಾಗಿ ರಾಜ್ಯಕಾರ್ಯದಿಂದ ಹಿಂದೆ ಸರಿದಳು. ಹೀಗೆ ಸುಮಾರು ಹದಿನೈದು ವರ್ಷಗಳ ಕಾಲ ದಖ್ಖನದ ಭಾರವೆಲ್ಲ ಈ ಗಿಲಾನಿಯ ಹೆಗಲೇರಿತು. ಹಳೆಯ ವೈರಿ ಮಾಳವದೊಡನೆ ಖೇರಳಾ ಕೋಟೆಗಾಗಿ ಮತ್ತೆ ಕದನ ಹುಟ್ಟಿದಾಗ, ದೂತರ ಮೂಲಕ ಮಾತುಕತೆಯಾಗಿ, ಖೇರಳಾ ಮಾಳವಕ್ಕೆ, ವರ್ಹಾಡ ಬಹಮನಿಗಳಿಗೆ ಎಂದು ಒಪ್ಪಂದವಾಯಿತು. ಗೆದ್ದ ಕೋಟೆಯನ್ನು ಬಿಟ್ಟುಕೊಟ್ಟನೆಂದು ಕೆಲವರು ಹೀಯಾಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಒಪ್ಪಂದದಿಂದ ಉತ್ತರದ ಗಡಿ ಶಾಂತವಾಯಿತು. ಪಶ್ಚಿಮದ ಕಡಲಿನ ಕಡೆಗೆ ತಿರುಗಲು ಗವಾನನಿಗೆ ಬೇಕಾಗಿದ್ದುದೂ ಅದೇ.

೧೪೬೯ರಲ್ಲಿ ಅವನು ಕೊಂಕಣಕ್ಕೆ ಹೊರಟನು. ಸಂಗಮೇಶ್ವರ, ಖೇಳಣಾ ಮೊದಲಾದ ಕಿಲ್ಲೆಗಳ ಒಡೆಯರು ಕಡಲಲ್ಲಿ ಹಡಗುಗಳನ್ನು ದೋಚುತ್ತಿದ್ದರು. ಕುದುರೆಯಿಲ್ಲದೆ ದಖ್ಖನದ ದಂಡಿಲ್ಲ, ಬಂದರಿಲ್ಲದೆ ಕುದುರೆಯಿಲ್ಲ. ವರ್ತಕನಾಗಿದ್ದ ಮಂತ್ರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆಳಂದದ ವಾಚಕರಿಗೆ ಇಲ್ಲಿ ಒಂದು ವಿಷಯ ಸ್ವಾರಸ್ಯವೆನಿಸಬಹುದು. ಇದೇ ವರ್ಷಗಳಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನು ಮಾರಾಟಕ್ಕೆಂದು ಒಂದು ಕುದುರೆಯನ್ನು ಕಡಲು ದಾಟಿಸಿ ತಂದು ಬೀದರದಲ್ಲಿ ನೆಲಸಿದ್ದನು. ಅವನ ಪ್ರವಾಸ ಕಥನದಲ್ಲಿ ಶೇಖ ಅಲಾವುದ್ದೀನನ ಹೆಸರಿನ ಒಂದು ದೊಡ್ಡ ಜಾತ್ರೆಯ ವರ್ಣನೆಯಿದೆ. ಬೀದರದಿಂದ ಹನ್ನೆರಡು ಹರದಾರಿ, ವರ್ಷಕ್ಕೊಮ್ಮೆ ಹತ್ತು ದಿನ, ಇಪ್ಪತ್ತು ಸಾವಿರ ಕುದುರೆಗಳ ಮಾರಾಟ ಎಂದು ಅವನು ಹೇಳುತ್ತಾನೆ. ಲಾಡ್ಲೆ ಮಶಾಯಕರೆಂದು ಹೆಸರಾದ ಶೇಖ ಅಲಾವುದ್ದೀನ ಅನ್ಸಾರಿಯವರ ದರ್ಗಾ ಇರುವ ಆಳಂದವೇ ಆ ಜಾತ್ರೆಯ ಸ್ಥಳವೆಂದು ವಿದ್ವಾಂಸರು ಗುರುತಿಸುತ್ತಾರೆ. ಅರಬ್ಬಿ ಕುದುರೆಯು ಕೊಂಕಣದ ಬಂದರಿನಲ್ಲಿ ಇಳಿದು ಘಟ್ಟ ಹತ್ತಿ ಇಲ್ಲಿಯ ಸಂತೆಗೆ ಬರುತ್ತಿದ್ದಿತೆಂದರೆ, ಗೋವೆಯ ಯುದ್ಧಕ್ಕೂ ಆಳಂದದ ಜಾತ್ರೆಗೂ ನಂಟು ಇಲ್ಲವೆನ್ನಲಾಗದು. ಮಲಿಕ್-ಉತ್-ತುಜ್ಜಾರನ ಪಂಕ್ತಿಯಲ್ಲಿ ದಿನವೂ ಐನೂರು ಜನ ಉಣ್ಣುತ್ತಿದ್ದರೆಂದೂ ಆ ರಷ್ಯನೇ ಬರೆದಿಟ್ಟಿದ್ದಾನೆ.

ಕೊಂಕಣದ ದಂಡಯಾತ್ರೆಯು ಎರಡು ವರ್ಷಕ್ಕೂ ಮೀರಿ ನಡೆಯಿತು. ಕಾಡನ್ನು ಕಡಿದು ದಾರಿ ಮಾಡಬೇಕಾಯಿತು. ಮಳೆಗಾಲ ಬಂದಾಗ ಕೊಲ್ಲಾಪುರದಲ್ಲಿ ಹುಲ್ಲಿನ ಗುಡಿಸಲುಗಳನ್ನು ಹಾಕಿಕೊಂಡು ದಂಡು ಕಾಯ್ದಿತು. ಶತ್ರುವಿಗಿಂತ ಹೆಚ್ಚಾಗಿ ಅವನನ್ನು ಕಾಡಿದವರು ಬೀದರದ ಆಸ್ಥಾನಿಕರು. ಬರಬೇಕಾದ ಹಣವೂ ಜನರೂ ಬರುತ್ತಿಲ್ಲ, ಬೆನ್ನ ಹಿಂದೆ ಚಾಡಿ ನಡೆದಿದೆ ಎಂಬ ವ್ಯಥೆಯು ಪಾಳೆಯದಿಂದ ಅವನು ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಉಳಿದ ಪತ್ರಗಳಲ್ಲಿ ರಾಜನೀತಿಜ್ಞನು ಕಂಡರೆ, ಇವುಗಳಲ್ಲಿ ಒಂಟಿಯಾದ ಮುದುಕನೊಬ್ಬನು ಕಾಣುತ್ತಾನೆ. ಅವನಿಗೆ ಆಗ ಅರವತ್ತು. ಹಗಲು ಕಿಲ್ಲೆಗೆ ಮುತ್ತಿಗೆ, ರಾತ್ರಿ ದೀಪದ ಮುಂದೆ ಲೇಖನಿ. ೧೪೭೧ರ ಕೊನೆಗೆ ಸಂಗಮೇಶ್ವರ ಬಿದ್ದಿತು. ೧೪೭೨ರ ಫೆಬ್ರುವರಿ ೧ರಂದು ವಿಜಯನಗರದವರ ಕೈಯಲ್ಲಿದ್ದ ಗೋವೆಯು ವಶವಾಯಿತು.

ಗೆಲುವಿನ ವಾರ್ತೆಯು ಪತ್ರರೂಪದಲ್ಲಿ ದೂರದೂರಕ್ಕೆ ಹೋಯಿತು. ಗವಾನನ ಪತ್ರವ್ಯವಹಾರದ ವ್ಯಾಪ್ತಿಯು ನಿಜಕ್ಕೂ ಬೆರಗುಗೊಳಿಸುವಂತಹುದು. ಗುಜರಾತ, ಮಾಳವ, ಜೌನಪುರಗಳ ಸುಲ್ತಾನರು, ಗಿಲಾನದ ಅರಸರು, ಹೆರಾತದ ಮಹಾಕವಿ ಜಾಮಿ, ಸೂಫಿ ಗುರು ಖ್ವಾಜಾ ಉಬೈದುಲ್ಲಾ ಅಹ್ರಾರ್, ಇವರೆಲ್ಲರೊಡನೆ ಅವನ ಓಲೆಗಳು ಓಡಾಡಿದವು. ಬೀದರಕ್ಕೆ ಬರಬೇಕೆಂಬ ಅವನ ಆಹ್ವಾನವನ್ನು ಜಾಮಿಯು ಒಪ್ಪಿ ಬರಲಿಲ್ಲ. ಸ್ನೇಹ ಮಾತ್ರ ಪತ್ರಗಳಲ್ಲಿ ಬಾಳಿತು. ಕಾನ್‌ಸ್ಟಾಂಟಿನೋಪಲ್‌ನ್ನು ಗೆದ್ದ ಎರಡನೆಯ ಮಹಮ್ಮದನಿಗೆ ಬೀದರದಿಂದ ಹೋದ ಪತ್ರಗಳೂ ಅಲ್ಲಿಂದ ಬಂದ ಉತ್ತರವೂ ಭಾರತದ ಅರಸುಮನೆಯೊಂದಕ್ಕೂ ಉಸ್ಮಾನಿ ತುರ್ಕರಿಗೂ ನಡೆದ ಅತಿ ಹಳೆಯ ರಾಜತಾಂತ್ರಿಕ ವ್ಯವಹಾರಗಳಲ್ಲಿ ಸೇರಿವೆ. ಅವನ ವ್ಯಾಪಾರದ ಗುಮಾಸ್ತರು ದಖ್ಖನದ ಬಟ್ಟೆಗಳನ್ನು ಹೊತ್ತು ತುರ್ಕಿಯ ಬುರ್ಸಾ ನಗರದವರೆಗೂ ಹೋಗಿದ್ದುದಕ್ಕೆ ಅಲ್ಲಿಯ ದಫ್ತರಗಳೇ ಸಾಕ್ಷಿ. ಬೀದರವು ಒಳನಾಡಿನ ಊರು. ಅದನ್ನು ಅವನು ಜಗತ್ತಿನ ಹೆದ್ದಾರಿಗೆ ತಂದು ನಿಲ್ಲಿಸಿದನು.

ಗೋವೆಯಿಂದ ಹಿಂದಿರುಗಿದಾಗ ಸುಲ್ತಾನನು ತಾನೇ ಅವನ ಮನೆಗೆ ಬಂದು ಒಂದು ವಾರ ಇದ್ದನು. ತನ್ನ ಮೈಮೇಲಿನ ಉಡುಪನ್ನು ತೊಡಿಸಿದನು. ಸುಲ್ತಾನನು ಹೋದ ಮೇಲೆ ಗವಾನನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತನೆಂದೂ, ಹೊರಗೆ ಬಂದು ತನ್ನ ನಗನಾಣ್ಯವನ್ನೆಲ್ಲ ವಿದ್ವಾಂಸರಿಗೂ ಬಡವರಿಗೂ ಹಂಚಿ, ಪುಸ್ತಕಗಳನ್ನೂ ಆನೆಕುದುರೆಗಳನ್ನೂ ಮಾತ್ರ ಉಳಿಸಿಕೊಂಡನೆಂದೂ ಫೆರಿಸ್ತಾ ಹೇಳುತ್ತಾನೆ. ಇಷ್ಟು ದೊಡ್ಡ ಮರ್ಯಾದೆಯು ಅಹಂಕಾರವನ್ನು ತಂದೀತೆಂದು ಅವನು ಹೆದರಿದನಂತೆ. ಪುಸ್ತಕಗಳು ವಿದ್ಯಾರ್ಥಿಗಳವು, ಆನೆಕುದುರೆಗಳು ಸುಲ್ತಾನನವು, ಕೊಡಲು ತನಗೆ ಅಧಿಕಾರವಿಲ್ಲವೆಂಬುದು ಅವನ ಲೆಕ್ಕ.

ಅದೇ ಕಾಲಕ್ಕೆ ಬೀದರದಲ್ಲಿ ಅವನ ಮದರಸಾ ಸಿದ್ಧವಾಯಿತು. ಮೂರು ಅಂತಸ್ತು, ನಡುವೆ ವಿಶಾಲವಾದ ಅಂಗಳ, ಸುತ್ತಲೂ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕೋಣೆಗಳು, ಹೊರಗೋಡೆಯ ಮೇಲೆ ಬಣ್ಣದ ಹೊಳೆಯುವ ಹೆಂಚುಗಳು, ಆಕಾಶಕ್ಕೆ ಎದ್ದ ಮಿನಾರಗಳು. ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳು. ದೂರದಿಂದ ಬಂದ ಬಡ ಹುಡುಗರಿಗೆ ಊಟ, ವಸತಿ ಉಚಿತ. ಪ್ರಸಾದನಿಲಯಗಳಲ್ಲಿ ಉಂಡು ಓದಿ ಬೆಳೆದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೪೭೨-೭೩ರಲ್ಲಿ ಬೆಳಗಾವಿಯ ಮುತ್ತಿಗೆ. ಕೋಟೆಗೋಡೆಗೆ ಸುರಂಗ ತೋಡಿ ಮದ್ದು ಇಟ್ಟು ಸಿಡಿಸಿದ್ದು ದಖ್ಖನದಲ್ಲಿ ಆಗ ಹೊಸ ವಿದ್ಯೆ. ಆ ಪಾಳೆಯದಲ್ಲಿಯೇ ರಾಜಮಾತೆಯು ಕಾಲವಾದಳು. ಗವಾನನ ಮಾತಿಗೆ ಅರಮನೆಯೊಳಗಿದ್ದ ಆಸರೆಯು ಅಂದಿಗೆ ಹೋಯಿತು. ಮುಂದೆ ಎರಡು ವರ್ಷ ಮಳೆಯಿಲ್ಲದೆ ಘೋರ ಬರಗಾಲ ಬಿದ್ದಿತು.

ರಾಜ್ಯವು ಕಡಲಿನಿಂದ ಕಡಲಿಗೆ ಹಬ್ಬಿತ್ತು. ಆದರೆ ಆಡಳಿತ ಮಾತ್ರ ಹಳೆಯ ನಾಲ್ಕು ತರಫುಗಳದೇ. ಒಬ್ಬೊಬ್ಬ ತರಫದಾರನೂ ಒಬ್ಬ ಅರಸನಂತೆ ಬೆಳೆದಿದ್ದನು. ಗವಾನನು ನಾಲ್ಕನ್ನು ಒಡೆದು ಎಂಟು ಮಾಡಿದನು. ಕಲಬುರ್ಗಿ ತರಫು ಒಡೆದು ಬಿಜಾಪುರ, ಕಲಬುರ್ಗಿ ಎಂದು ಎರಡಾಯಿತು. ಸಗರದಿಂದ ನಳದುರ್ಗದವರೆಗಿನ ಸೀಮೆಯು ಕಲಬುರ್ಗಿಗೆ ಸೇರಿ, ದಸ್ತೂರ ದೀನಾರನೆಂಬ ಹಬಸಿ ಸರದಾರನ ಆಡಳಿತಕ್ಕೆ ಬಂದಿತು. ಒಬ್ಬ ತರಫದಾರನಿಗೆ ಒಂದೇ ಕಿಲ್ಲೆ, ಉಳಿದ ಕಿಲ್ಲೆದಾರರು ನೇರವಾಗಿ ಸುಲ್ತಾನನ ನೇಮಕದವರು. ಸವಾರರ ಸಂಬಳ ಹೆಚ್ಚಾಯಿತು. ಲೆಕ್ಕದಲ್ಲಿ ತೋರಿಸಿದಷ್ಟು ಸವಾರರು ಇಲ್ಲದಿದ್ದರೆ ಆ ಹಣ ಕಡಿತವಾಗತೊಡಗಿತು. ಭೂಮಿಯ ಮೋಜಣಿಗೂ ಕೈ ಹಚ್ಚಿದನು. ಪದವಿಗಳನ್ನು ಕೊಡುವಲ್ಲಿ ದಖನಿ, ಪರದೇಶಿ ಎರಡೂ ಪಂಗಡಗಳನ್ನು ಸರಿತೂಗಿಸಿದನು. ನ್ಯಾಯದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಕಳ್ಳ ಲೆಕ್ಕದಿಂದ ಉಣ್ಣುತ್ತಿದ್ದವರ ತಟ್ಟೆಯನ್ನು ಕಸಿದುಕೊಂಡವನಿಗೆ ವೈರಿಗಳು ಹುಟ್ಟುವುದು ತಪ್ಪುವುದಿಲ್ಲ. ತೆಲಂಗಾಣವು ರಾಜಮಹೇಂದ್ರಿ, ವಾರಂಗಲ್ ಎಂದು ಎರಡಾದಾಗ ಅದರ ಒಡೆತನ ಅರ್ಧವಾದವನು ಮಲಿಕ ಹಸನ, ನಿಜಾಮ-ಉಲ್-ಮುಲ್ಕ ಎಂಬ ಬಿರುದಿನವನು. ಅವನು ಅದನ್ನು ಮರೆಯಲಿಲ್ಲ.

೧೪೮೧ರಲ್ಲಿ ಸುಲ್ತಾನನು ಪೂರ್ವ ತೀರದಲ್ಲಿ ದಂಡಯಾತ್ರೆಯಲ್ಲಿದ್ದನು. ಕೃಷ್ಣಾನದಿಯ ಸಮೀಪದ ಕೊಂಡಪಲ್ಲಿಯಲ್ಲಿ ಪಾಳೆಯ. ಗವಾನನಿಗೆ ಮಗನಂತಿದ್ದ ಯೂಸುಫ ಆದಿಲಖಾನನು ಬೇರೆ ಕೆಲಸದ ಮೇಲೆ ದೂರದಲ್ಲಿದ್ದನು. ಮಲಿಕ ಹಸನನ ಕಡೆಯವರು ಗವಾನನ ಮೊಹರು ಕಾಯುವ ಹಬಸಿ ಸೇವಕನನ್ನು ಸ್ನೇಹದಿಂದ ಒಲಿಸಿಕೊಂಡು, ಒಂದು ದಿನ ಚೆನ್ನಾಗಿ ಕುಡಿಸಿ, ಮಡಿಸಿದ ಖಾಲಿ ಕಾಗದವನ್ನು ಮುಂದೆ ಹಿಡಿದರು. ಯಾರೋ ಸ್ನೇಹಿತನ ಲೆಕ್ಕದ ಕಾಗದ, ಇದರ ಮೇಲೊಂದು ಮೊಹರು ಬೇಕು ಎಂದು ಕೇಳಿದರು. ಅವನು ಬಿಡಿಸಿ ನೋಡದೆ ಒತ್ತಿಕೊಟ್ಟನು. ಆ ಖಾಲಿ ಜಾಗದಲ್ಲಿ ಒರಿಸ್ಸಾದ ರಾಯನಿಗೆ ಒಂದು ಪತ್ರ ಹುಟ್ಟಿತು. ಸುಲ್ತಾನನು ಕುಡುಕನೂ ಕ್ರೂರಿಯೂ ಆಗಿದ್ದಾನೆ, ದಂಡೆತ್ತಿ ಬಂದರೆ ರಾಜ್ಯವನ್ನು ಗೆದ್ದು ಇಬ್ಬರೂ ಹಂಚಿಕೊಳ್ಳಬಹುದು ಎಂಬುದು ಅದರ ತಾತ್ಪರ್ಯ. ಮಿತ್ರರಾಜರಿಗೆ ಬರೆದ ಪತ್ರದಿಂದ ರಾಜ್ಯವನ್ನು ಉಳಿಸಿದವನನ್ನು ಶತ್ರುರಾಜನಿಗೆ ಬರೆದ ಪತ್ರದಿಂದಲೇ ಕೆಡವಬೇಕೆಂದು ಅವರು ಯೋಚಿಸಿದರು. ಗವಾನನ ಲೇಖನಿಯ ಶಕ್ತಿ ಎಲ್ಲರಿಗೂ ಗೊತ್ತಿದ್ದುದರಿಂದಲೇ ಆ ಸುಳ್ಳು ನಂಬಲರ್ಹವಾಯಿತು.

ಪತ್ರವನ್ನು ಸುಲ್ತಾನನಿಗೆ ಓದಿ ತೋರಿಸಿದಾಗ ಅವನು ಮದ್ಯದ ಅಮಲಿನಲ್ಲಿದ್ದನು. ಪತ್ರವನ್ನು ತಂದ ದೂತನೆಲ್ಲಿ ಎಂದು ವಿಚಾರಿಸುವಷ್ಟು ತಾಳ್ಮೆಯೂ ಅವನಿಗೆ ಇರಲಿಲ್ಲ. ಕೂಡಲೆ ಕರೆಕಳಿಸಿದನು. ಗಾಳಿಯ ವಾಸನೆ ತಿಳಿದ ಮಿತ್ರರು ಗವಾನನನ್ನು ತಡೆದರು. ಸಾವಿರ ಕುದುರೆ ಸಿದ್ಧವಿದೆ, ಗುಜರಾತಕ್ಕೆ ಹೊರಟುಬಿಡು ಎಂದರು. ಗುಜರಾತದಲ್ಲಿ ಅವನ ಹಳೆಯ ಪತ್ರಮಿತ್ರ ಬೇಗಡಾ ಇನ್ನೂ ಆಳುತ್ತಿದ್ದನು, ಕೈಬಿಡುತ್ತಿರಲಿಲ್ಲ. ಆದರೆ ಓಡಿಹೋದರೆ ಆ ಸುಳ್ಳು ಪತ್ರಕ್ಕೆ ತಾನೇ ಎರಡನೆಯ ಮೊಹರು ಒತ್ತಿದಂತೆ ಎಂಬುದು ಗವಾನನಿಗೆ ತಿಳಿಯದೆ? ಹುಮಾಯೂನ ಶಾಹನ ಸೇವೆಯಲ್ಲಿ ನೆರೆತ ಈ ಗಡ್ಡವು ಅವನ ಮಗನ ಕಾಲದಲ್ಲಿ ಕೆಂಪಾದರೆ ಅದೂ ಗೌರವವೇ ಎಂಬ ಅರ್ಥದ ಮಾತನ್ನಾಡಿ ಹೊರಟನು.

ದ್ರೋಹ ಮಾಡಿದ ಸೇವಕನಿಗೆ ಏನು ಶಿಕ್ಷೆಯೆಂದು ಸುಲ್ತಾನನು ಕೇಳಿದನು. ಮರಣವೇ ಎಂದು ಗವಾನನು ನಿಸ್ಸಂಕೋಚವಾಗಿ ಉತ್ತರಿಸಿದನು. ಪತ್ರವನ್ನು ಮುಂದೆ ಹಿಡಿಯಲಾಯಿತು. ಜೀವಮಾನವೆಲ್ಲ ಅಕ್ಷರಗಳ ನಡುವೆ ಬಾಳಿದ ಆ ಮುದುಕನು ಅದನ್ನು ನೋಡಿ, ಮೊಹರು ತನ್ನದು, ಬರಹ ತನ್ನದಲ್ಲ ಎಂದನು. ಇದಕ್ಕಿಂತ ಹೆಚ್ಚಿಗೆ ಹೇಳುವುದೂ ಇರಲಿಲ್ಲ. ಸುಲ್ತಾನನು ಜೌಹರನೆಂಬ ಹಬಸಿ ಗುಲಾಮನಿಗೆ ಸನ್ನೆ ಮಾಡಿ ಒಳಗೆ ಹೋದನು. ಮುದುಕನನ್ನು ಕೊಲ್ಲುವುದು ಸುಲಭ, ಆದರೆ ಇದರಿಂದ ರಾಜ್ಯವೇ ಹಾಳಾಗುವುದೆಂದು ಗವಾನನು ಎಚ್ಚರಿಸಿದುದು ಅವನ ಕಿವಿಗೆ ಬೀಳಲಿಲ್ಲ. ಗವಾನನು ಪಶ್ಚಿಮಕ್ಕೆ ಮುಖ ಮಾಡಿ ಮೊಣಕಾಲೂರಿ ಕುಳಿತನು. ಅಂದು ೧೪೮೧ರ ಏಪ್ರಿಲ್ ೫. ವಯಸ್ಸು ಎಪ್ಪತ್ತರ ಮೇಲೆ.

ಬೊಕ್ಕಸವನ್ನು ಶೋಧಿಸಲು ಸುಲ್ತಾನನು ಅವಸರಪಟ್ಟನು. ಇಷ್ಟು ಕಾಲ ರಾಜ್ಯವಾಳಿದವನ ಮನೆಯಲ್ಲಿ ಅಪಾರ ಧನವಿರಬೇಕೆಂದು ಎಲ್ಲರೂ ಭಾವಿಸಿದ್ದರು. ಖಜಾನೆಯವನು ಲೆಕ್ಕ ಒಪ್ಪಿಸಿದನು. ಎರಡು ಗಂಟುಗಳಿದ್ದವು. ಒಂದು ಸುಲ್ತಾನನ ಹೆಸರಿನದು. ಜಹಗೀರಿನ ಉತ್ಪನ್ನವೆಲ್ಲ ಅದರಲ್ಲಿ ಸೇರಿ ದಂಡಿಗೂ ಆನೆಕುದುರೆಗಳಿಗೂ ಖರ್ಚಾಗುತ್ತಿತ್ತು. ಇನ್ನೊಂದು ಬಡವರ ಗಂಟು. ಅದರಲ್ಲಿ ಉಳಿದಿದ್ದುದು ಲಾರಿನ್ ಎಂಬ ಬೆಳ್ಳಿಯ ನಾಣ್ಯಗಳು ಮುನ್ನೂರು. ತಾಯ್ನಾಡಿನಿಂದ ತಂದ ನಲವತ್ತು ಸಾವಿರ ಲಾರಿನ್ ಮೂಲಧನವನ್ನು ವ್ಯಾಪಾರದಲ್ಲಿ ಹೂಡಿ, ಅದರ ಲಾಭದಲ್ಲಿ ದಿನಕ್ಕೆ ಹನ್ನೆರಡನ್ನು ತನ್ನ ಅಡಿಗೆಮನೆಗೆ ತೆಗೆದು, ಮಿಕ್ಕುದನ್ನು ದಾನ ಮಾಡುತ್ತಿದ್ದನು. ಮಣ್ಣಿನ ಪಾತ್ರೆಯಲ್ಲಿ ಊಟ, ಚಾಪೆಯ ಮೇಲೆ ನಿದ್ರೆ. ಮಂತ್ರಿಯಾದ ಮೇಲೂ ಅನ್ನವನ್ನು ಮಾತ್ರ ವರ್ತಕನ ದುಡಿಮೆಯಿಂದಲೇ ತಿಂದನು. ಕಲ್ಯಾಣದ ಭಂಡಾರಿಯ ಮೇಲೆ ಬಂದ ಅಪವಾದವನ್ನೂ ಅಂದು ಬಿಜ್ಜಳನು ಎಣಿಸಿ ನೋಡಿದ ಭಂಡಾರದ ಕಥೆಯನ್ನೂ ಕೇಳಿ ಬೆಳೆದವರಿಗೆ ಈ ಲೆಕ್ಕಶೋಧನೆಯ ದೃಶ್ಯವು ತೀರ ಅಪರಿಚಿತವೆನಿಸದು.

ಸುಲ್ತಾನನಿಗೆ ತಿಳಿವು ಬಂದಿತು, ಆದರೆ ಕಾಲ ಮಿಂಚಿತ್ತು. ಶವವನ್ನು ಮರ್ಯಾದೆಯಿಂದ ಬೀದರಕ್ಕೆ ಕಳಿಸಿದನು. ದೊಡ್ಡ ಸರದಾರರು ಅವನ ಪಾಳೆಯಕ್ಕೆ ಕಾಲಿಡಲು ಅಂಜಿ ದೂರದಲ್ಲಿ ಡೇರೆ ಹಾಕಿದರು. ಒಂದು ವರ್ಷದೊಳಗೆ, ೧೪೮೨ರ ಮಾರ್ಚಿಯಲ್ಲಿ, ಗವಾನನು ತನ್ನನ್ನು ಕೊಲ್ಲುತ್ತಿದ್ದಾನೆಂದು ಕೂಗುತ್ತ ಸತ್ತನು. ಸುಳ್ಳು ಪತ್ರದ ಸೂತ್ರಧಾರ ಮಲಿಕ ಹಸನನೂ ನಾಲ್ಕು ವರ್ಷಗಳಲ್ಲಿ ಕೊಲೆಯಾದನು. ಅವನ ಮಗ ಅಹಮದನು ಅಹಮದನಗರದಲ್ಲಿ, ಯೂಸುಫ ಆದಿಲಖಾನನು ಬಿಜಾಪುರದಲ್ಲಿ, ಇಮಾದ-ಉಲ್-ಮುಲ್ಕನು ವರ್ಹಾಡದಲ್ಲಿ ಸ್ವತಂತ್ರರಾದರು. ಕಲಬುರ್ಗಿಯ ದಸ್ತೂರ ದೀನಾರನೂ ತನ್ನದೊಂದು ರಾಜ್ಯ ಕಟ್ಟಲು ಹವಣಿಸಿ, ೧೫೦೪ರಲ್ಲಿ ಯೂಸುಫನೊಡನೆ ಕಾದು ಮಡಿದನು. ಆಳಂದ, ಅಫಜಲಪುರ, ಜೇವರ್ಗಿಗಳ ಹೊಲಗಳು ಅಂದಿನಿಂದ ಬಹುಕಾಲ ಬಿಜಾಪುರ, ಬೀದರ, ಅಹಮದನಗರಗಳ ದಂಡುಗಳು ಹಾಯುವ ಗಡಿನಾಡಾದವು. ಕಲ್ಯಾಣ, ನಳದುರ್ಗ, ಸೊಲ್ಲಾಪುರಗಳಿಗಾಗಿ ನಡೆದ ಕಾಳಗಗಳಿಗೆ ಲೆಕ್ಕವಿಲ್ಲ. ಬೆಳೆದ ಜೋಳದ ತೆನೆಯನ್ನು ಯಾವ ಸುಲ್ತಾನನ ಕುದುರೆ ತಿಂದಿತೆಂಬುದು ರೈತನಿಗೆ ಗೊತ್ತಾಗುತ್ತಿರಲಿಲ್ಲ.

ಬೀದರದ ಮದರಸಾದ ಮುಂಭಾಗವು ೧೬೯೬ರಲ್ಲಿ ಸ್ಫೋಟಕ್ಕೆ ಸಿಕ್ಕಿ ಕುಸಿಯಿತು. ಮೊಗಲರ ಕಾಲದಲ್ಲಿ ಅದರ ಕೋಣೆಗಳಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು. ಎರಡು ಮಿನಾರಗಳಲ್ಲಿ ಒಂದು ಬಿದ್ದಿತು, ಒಂದು ನಿಂತಿದೆ. ಅದರ ಮೇಲ್ಮೈಯ ನೀಲಿ ಹಸಿರು ಹೆಂಚುಗಳಲ್ಲಿ ಕೆಲವು ಇನ್ನೂ ಉಳಿದಿವೆ. ಮೂರು ಸಾವಿರ ಹಸ್ತಪ್ರತಿಗಳು ಚದುರಿಹೋದವು. ಗವಾನನ ಪತ್ರಗಳು ಮಾತ್ರ ಪತ್ರಲೇಖನವನ್ನು ಕಲಿಯುವವರ ಕೈಯಿಂದ ಕೈಗೆ ನಕಲಾಗುತ್ತ ಬಂದು, ೧೯೪೮ರಲ್ಲಿ ಹೈದರಾಬಾದಿನಲ್ಲಿ ಅಚ್ಚಾದವು.